ಫೆಬ್ರವರಿಯಲ್ಲಿ ಅರಳುವ ಗುಲಾಬಿ

ಫೆಬ್ರವರಿ 14ರ ಬೆಳಿಗ್ಗೆ ಯಾವುದಾದರೂ ಹೂವಿನ ಅಂಗಡಿಯ ಮುಂದೆ ನಿಂತು ನೋಡಿ. ಉದ್ದ ದಂಟಿನ, ಅರೆಬಿರಿದ ಕೆಂಪು ಗುಲಾಬಿಗಳು ಒಂದೇ ಅಳತೆಯಲ್ಲಿ ಸಾಲಾಗಿ ನಿಂತಿರುತ್ತವೆ. ಬೆಲೆ ಹಿಂದಿನ ವಾರಕ್ಕಿಂತ ಹಲವು ಪಟ್ಟು ಏರಿರುತ್ತದೆ. ನಿಮ್ಮ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಅಲ್ಲಿ ಕಾಣಸಿಗಬಹುದು. ಅವರನ್ನು ಗದರಿಸುವುದು ಈ ಲೇಖನದ ಉದ್ದೇಶವಲ್ಲ. ಆ ಹೂವಿನ ಬಗ್ಗೆ ಒಂದು ಪ್ರಶ್ನೆ ಕೇಳುವುದಿದೆ.

ವ್ಯಾಲೆಂಟೈನ್ ದಿನ ಪ್ರೇಮಿಗಳ ದಿನವಾದದ್ದು ಯುರೋಪಿನಲ್ಲಿ. 14ನೆಯ ಶತಮಾನದ ಇಂಗ್ಲಿಷ್ ಕವಿ ಚಾಸರ್, ಆ ದಿನ ಹಕ್ಕಿಗಳು ತಮ್ಮ ಸಂಗಾತಿಯನ್ನು ಆರಿಸಿಕೊಳ್ಳುತ್ತವೆ ಎಂದು ಒಂದು ಕಾವ್ಯದಲ್ಲಿ ವರ್ಣಿಸಿದ್ದಾನೆ. ಆದರೆ ಯುರೋಪಿನಲ್ಲಿ ಫೆಬ್ರವರಿ ಎಂದರೆ ಕೊರೆಯುವ ಚಳಿ. ಅಲ್ಲಿನ ತೋಟಗಳಲ್ಲಿ ಗುಲಾಬಿ ಮೈತುಂಬ ಅರಳುವುದು ಜೂನ್ ತಿಂಗಳಲ್ಲಿ. ಹಾಗಿರುವಾಗ ಗಿಡದಲ್ಲಿ ಮೊಗ್ಗೇ ಇಲ್ಲದ ಕಾಲದ ಹಬ್ಬಕ್ಕೆ ಗುಲಾಬಿ ಹೇಗೆ ಗುರುತಾಯಿತು? ಈ ಪ್ರಶ್ನೆಯ ಬೆನ್ನು ಹತ್ತಿದರೆ ತಳಿವಿಜ್ಞಾನ, ಭೂಗೋಳ, ಜಲವಿಜ್ಞಾನ, ನರವಿಜ್ಞಾನ ಎಲ್ಲವೂ ಎದುರಾಗುತ್ತವೆ. ಹೂವಿನ ನಿಜವಾದ ಬೆಲೆಯನ್ನು ಯಾರು ತೆರುತ್ತಾರೆ ಎಂಬುದೂ ತಿಳಿಯುತ್ತದೆ.

ಮೊದಲು ತಳಿಯ ವಿಚಾರ. ಯುರೋಪಿನ ಹಳೆಯ ಗುಲಾಬಿಗಳಲ್ಲಿ ಹೆಚ್ಚಿನವು ವರ್ಷಕ್ಕೆ ಒಮ್ಮೆ ಮಾತ್ರ ಹೂ ಬಿಡುತ್ತಿದ್ದವು. 18ನೆಯ ಶತಮಾನದ ಕೊನೆ ಮತ್ತು 19ರ ಆರಂಭದಲ್ಲಿ ಚೀನಾದ ಗುಲಾಬಿ ಗಿಡಗಳು ಹಡಗುಗಳಲ್ಲಿ ಅಲ್ಲಿಗೆ ಬಂದವು. ಇವು ಒಮ್ಮೆ ಬಿಟ್ಟು ನಿಲ್ಲದೆ ಮತ್ತೆ ಮತ್ತೆ ಹೂ ಬಿಡುವ ಗಿಡಗಳು. ಕಾರಣ ತಿಳಿದದ್ದು ಬಹಳ ತಡವಾಗಿ, 2012ರಲ್ಲಿ. ಹೂ ಬಿಡುವುದನ್ನು ತಡೆಯುವ 'ಕೆಎಸ್ಎನ್' ಎಂಬ ಜೀನ್ ಒಂದಿದೆ. ಚೀನೀ ಗುಲಾಬಿಯಲ್ಲಿ ಜಿಗಿಯುವ ಡಿಎನ್ಎ ತುಣುಕೊಂದು ಈ ಜೀನ್ ಒಳಗೆ ಬಂದು ಕುಳಿತು ಅದರ ಕೆಲಸವನ್ನು ಕೆಡಿಸಿದೆ. ತಡೆಯುವ ಆಜ್ಞೆ ಇಲ್ಲವಾದ್ದರಿಂದ ಗಿಡ ಹೂ ಬಿಡುತ್ತಲೇ ಹೋಗುತ್ತದೆ. ಇಂದು ನಾವು ಕೊಳ್ಳುವ ಗುಲಾಬಿ ಒಂದು ಕೆಟ್ಟುಹೋದ ಜೀನಿನ ಕೊಡುಗೆ ಎನ್ನಬಹುದು! ಚೀನೀ ಮತ್ತು ಯುರೋಪಿನ ವಂಶಗಳ ಮಿಶ್ರಣದಿಂದ ಹುಟ್ಟಿದ 'ಲಾ ಫ್ರಾನ್ಸ್' ಎಂಬ ತಳಿಯನ್ನು 1867ರಲ್ಲಿ ಫ್ರಾನ್ಸಿನ ಗಿಯೋ ಹೊರತಂದ. ಅಂಗಡಿಯಲ್ಲಿ ಕಾಣುವ ಹೈಬ್ರಿಡ್ ಟೀ ವರ್ಗದ ಹೂಗಳ ಹಿರಿಯಜ್ಜಿ ಇದೇ.

ಜೀನ್ ಅಪ್ಪಣೆ ಕೊಟ್ಟರೂ ಚಳಿ ಕೊಡಬೇಕಲ್ಲ. ಗಾಜಿನ ಹಸಿರುಮನೆ ಕಟ್ಟಿ, ಇಂಧನ ಸುಟ್ಟು ಬೆಚ್ಚಗಿಟ್ಟು ಚಳಿಗಾಲದಲ್ಲೂ ಗುಲಾಬಿ ಬೆಳೆದರು. ಹಾಲೆಂಡ್ ಇದರಲ್ಲಿ ಎಲ್ಲರನ್ನೂ ಮೀರಿಸಿತು. 1973ರಲ್ಲಿ ತೈಲದ ಬೆಲೆ ದಿಢೀರನೆ ಏರಿದಾಗ ಈ ಲೆಕ್ಕಾಚಾರ ಅಲುಗಾಡಿತು.

ಅಷ್ಟರಲ್ಲಿ ಬೇರೊಂದು ಉತ್ತರ ಸಿದ್ಧವಾಗುತ್ತಿತ್ತು. ಅದನ್ನು ಮೊದಲು ಬರೆದಿಟ್ಟದ್ದು ಒಬ್ಬ ವಿದ್ಯಾರ್ಥಿ. 1967ರಲ್ಲಿ ಅಮೆರಿಕದ ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ತೋಟಗಾರಿಕೆ ಓದುತ್ತಿದ್ದ ಡೇವಿಡ್ ಚೀವರ್, ಕೊಲಂಬಿಯಾ ದೇಶದ ಬೊಗೋಟಾ ಜಗತ್ತಿನ ಮಾರುಕಟ್ಟೆಗೆ ಹೂ ಕಳಿಸಬಲ್ಲದು ಎಂದು ತನ್ನ ತರಗತಿಗಾಗಿ ಪ್ರಬಂಧವೊಂದನ್ನು ಬರೆದ. ಅವನ ವಾದ ಸರಳ. ಭೂಮಧ್ಯರೇಖೆಯ ಹತ್ತಿರ ವರ್ಷವಿಡೀ ಹಗಲು ಸುಮಾರು 12 ಗಂಟೆ ಇರುತ್ತದೆ. ಬೊಗೋಟಾದ ಬಯಲು ಸಮುದ್ರಮಟ್ಟದಿಂದ ಸುಮಾರು 2600 ಮೀಟರ್ ಎತ್ತರದಲ್ಲಿದೆ. ಆದ್ದರಿಂದ ಬಿಸಿಲು ಪ್ರಖರ, ರಾತ್ರಿ ತಂಪು. ತಂಪಿನಲ್ಲಿ ಮೊಗ್ಗು ನಿಧಾನವಾಗಿ ಬಲಿತು ದೊಡ್ಡದಾಗುತ್ತದೆ, ದಂಟು ಉದ್ದವಾಗುತ್ತದೆ. ಬಿಸಿಮಾಡುವ ಖರ್ಚೂ ಇಲ್ಲ. ಓದು ಮುಗಿಸಿದ ಚೀವರ್ ಮೂವರು ಪಾಲುದಾರರೊಂದಿಗೆ ಬಂಡವಾಳ ಹಾಕಿ 1969ರಲ್ಲಿ ಬೊಗೋಟಾದಲ್ಲಿ ಕಂಪನಿ ತೆರೆದ. ತರಗತಿಯ ಪ್ರಬಂಧಗಳನ್ನು ಹಗುರವಾಗಿ ಕಾಣಬಾರದು ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಕೀನ್ಯಾ, ಈಕ್ವೆಡಾರ್, ಇಥಿಯೋಪಿಯಾಗಳ ಎತ್ತರದ ನೆಲಗಳಲ್ಲೂ ಇದೇ ತರ್ಕ ಕೆಲಸ ಮಾಡಿತು.

ಚೀವರನ ಲೆಕ್ಕದಲ್ಲಿ ಬೆಳಕು, ತಾಪ, ವಿಮಾನದ ದೂರ ಎಲ್ಲ ಇದ್ದವು. ಉಳಿದದ್ದನ್ನು ಮುಂದಿನ ದಶಕಗಳ ವಿಜ್ಞಾನಿಗಳು ಸೇರಿಸಬೇಕಾಯಿತು.

ಮೊದಲು ಸೇರಿದ್ದು ಕೆಲಸಗಾರರ ದೇಹ. ಹೂವನ್ನು ಯಾರೂ ತಿನ್ನುವುದಿಲ್ಲ. ಆದರೆ ಎಲೆಯ ಮೇಲೆ ಒಂದು ಕಲೆ ಕಂಡರೂ ಕೊಳ್ಳುವವರಿಲ್ಲ. ಆದ್ದರಿಂದ ಔಷಧಿ ಹೊಡೆಯುವುದರಲ್ಲಿ ಹಿಂದುಮುಂದು ನೋಡುವವರು ಕಡಿಮೆ. 1990ರಲ್ಲಿ ಪ್ರಕಟವಾದ ಅಧ್ಯಯನವೊಂದು ಬೊಗೋಟಾ ಪ್ರದೇಶದ 58 ಕಂಪನಿಗಳ 8867 ಕೆಲಸಗಾರರನ್ನು ಪರಿಶೀಲಿಸಿತು. ಅವರಲ್ಲಿ ಮೂರನೆಯ ಎರಡು ಭಾಗ ಹೆಂಗಸರು. ಅವರು ಒಡ್ಡಿಕೊಂಡಿದ್ದ ಕೀಟನಾಶಕಗಳ ಸಂಖ್ಯೆ 127. ಹೂತೋಟಕ್ಕೆ ಸೇರಿದ ಮೇಲಿನ ಬಸಿರುಗಳಲ್ಲಿ ಗರ್ಭಪಾತ, ಅವಧಿಗೆ ಮುಂಚಿನ ಹೆರಿಗೆ, ಹುಟ್ಟಿನಿಂದ ಬಂದ ದೋಷಗಳು ಸಾಧಾರಣ ಪ್ರಮಾಣದಲ್ಲಿ ಹೆಚ್ಚಿದ್ದು ಕಂಡುಬಂತು. ಹೂಗುಚ್ಛ ಮಾರುವವರೂ ಇದರಿಂದ ಹೊರತಲ್ಲ. 2016ರಲ್ಲಿ ಬೆಲ್ಜಿಯಮ್‌ನ ಸಂಶೋಧಕರು ಅಂಗಡಿಗಳಿಂದ 90 ಹೂಗುಚ್ಛ ಕೊಂಡು ಪರೀಕ್ಷಿಸಿದಾಗ ಒಟ್ಟು 107 ಬಗೆಯ ಕೀಟನಾಶಕ, ಶಿಲೀಂಧ್ರನಾಶಕಗಳ ಶೇಷ ಸಿಕ್ಕಿತು. ತರಕಾರಿ, ಹಣ್ಣುಗಳಿಗೆ ಇದ್ದಂಥ ಶೇಷಮಿತಿ ಹೂವಿಗೆ ಅಲ್ಲಿ ಇರಲಿಲ್ಲ.

ಇನ್ನೊಂದು ಅಧ್ಯಯನ ಶಿಕ್ಷಕರಾದ ನಿಮ್ಮನ್ನು ಹೆಚ್ಚು ಕಾಡಬಹುದು. ಆರ್ಗನೊಫಾಸ್ಫೇಟ್ ಮತ್ತು ಕಾರ್ಬಮೇಟ್ ಗುಂಪಿನ ಕೀಟನಾಶಕಗಳು ಹೇಗೆ ಕೊಲ್ಲುತ್ತವೆ ಎಂಬುದನ್ನು ನೀವು ಪಾಠ ಮಾಡಿರುತ್ತೀರಿ. ಒಂದು ನರಕೋಶದಿಂದ ಮುಂದಿನದಕ್ಕೆ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ತನ್ನ ಕೆಲಸ ಮುಗಿದೊಡನೆ ಒಡೆಯಬೇಕು. ಒಡೆಯುವ ಕಿಣ್ವ ಅಸಿಟೈಲ್‌ಕೋಲಿನ್‌ಎಸ್ಟರೇಸ್. ಈ ಕೀಟನಾಶಕಗಳು ಆ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಕೀಟದಲ್ಲಿರುವ ಕಿಣ್ವ ನಮ್ಮಲ್ಲೂ ಇದೆ. ಆದ್ದರಿಂದ ರಕ್ತದಲ್ಲಿ ಅದರ ಚಟುವಟಿಕೆಯನ್ನು ಅಳೆದರೆ ವಿಷದ ಸೋಂಕು ಎಷ್ಟಾಗಿದೆ ಎಂದು ಊಹಿಸಬಹುದು. ಈಕ್ವೆಡಾರಿನ ಗುಲಾಬಿ ಪ್ರದೇಶವೊಂದರಲ್ಲಿ 2008ರಲ್ಲಿ ಹೂತೋಟಗಳಲ್ಲಿ ದುಡಿಯದ, 4ರಿಂದ 9 ವರ್ಷದ ಸುಮಾರು 300 ಮಕ್ಕಳನ್ನು ಪರೀಕ್ಷಿಸಲಾಯಿತು. ಮೇ ತಿಂಗಳ ತಾಯಂದಿರ ದಿನಕ್ಕಾಗಿ ಅಲ್ಲಿ ಹೂವಿನ ಕೊಯ್ಲು ಏರುತ್ತದೆ, ಅದರೊಂದಿಗೆ ಸಿಂಪಡಣೆಯೂ. ಸುವಾರೆಸ್-ಲೋಪೆಸ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಹೇಳಿದ್ದು ಇದು: ಆ ಹಬ್ಬ ಮುಗಿದು ಕಡಿಮೆ ದಿನಗಳಾಗಿದ್ದಾಗ ಪರೀಕ್ಷೆಗೆ ಬಂದ ಮಕ್ಕಳಲ್ಲಿ ಕಿಣ್ವದ ಚಟುವಟಿಕೆ ಕಡಿಮೆ, ಗಮನವಿಟ್ಟು ಮಾಡುವ ಕೆಲಸಗಳಲ್ಲಿ ಅಂಕವೂ ಕಡಿಮೆ. ದಿನ ಕಳೆದಂತೆ ಎರಡೂ ಉತ್ತಮ. ಇದು ಸಹಸಂಬಂಧವಷ್ಟೆ, ಕಾರಣವನ್ನು ಸಾಬೀತು ಮಾಡುವುದಿಲ್ಲ ಎಂದು ನಿಮ್ಮ ಜಾಣ ವಿದ್ಯಾರ್ಥಿ ಆಕ್ಷೇಪಿಸಬಹುದು. ಆಕ್ಷೇಪ ಸರಿಯೇ. ಆದರೂ ಎಲ್ಲೋ ದೂರದಲ್ಲಿ ಆಚರಿಸುವ ಹಬ್ಬದ ತಾರೀಕು ಇನ್ನೆಲ್ಲೋ ಇರುವ ಮಗುವಿನ ರಕ್ತದಲ್ಲಿ ಕಾಣಿಸಿಕೊಳ್ಳಬಹುದು ಎಂಬುದನ್ನು ನಾನು ಸುಲಭವಾಗಿ ಮರೆಯಲಾರೆ.

ಎರಡನೆಯದಾಗಿ ನೀರು. ಕೀನ್ಯಾದ ನೈವಾಷಾ ಸರೋವರ ಸುಮಾರು 1900 ಮೀಟರ್ ಎತ್ತರದಲ್ಲಿರುವ ಸಿಹಿನೀರಿನ ಕೆರೆ. 1995ರಲ್ಲಿ ಇದು ರಾಮ್ಸಾರ್ ಪಟ್ಟಿಗೆ ಸೇರಿತು. ದಡದ ಸುತ್ತ ಗುಲಾಬಿಯ ಪ್ಲಾಸ್ಟಿಕ್ ಮನೆಗಳು. ನೀರು ಇಳಿದಾಗ ಹೂತೋಟಗಳನ್ನು ದೂರಿದರು. ತೋಟದವರು ಮಳೆಯನ್ನು ದೂರಿದರು. ಈ ಕೆರೆ ಹೂತೋಟಗಳಿಗೂ ಮೊದಲೇ ಏರಿಳಿಯುತ್ತಿದ್ದದ್ದು ನಿಜ. ಹಾಗಾದರೆ ಸತ್ಯ ತಿಳಿಯುವುದು ಹೇಗೆ? ಬೆಕ್ಟ್ ಮತ್ತು ಹಾರ್ಪರ್ ಎಂಬ ವಿಜ್ಞಾನಿಗಳು 2002ರಲ್ಲಿ ಪ್ರಕಟಿಸಿದ ಕೆಲಸ ಇದಕ್ಕೆ ಸೊಗಸಾದ ಉತ್ತರ. ಮಳೆ, ಹೊಳೆಗಳ ಒಳಹರಿವು, ಆವಿಯಾಗುವಿಕೆ ಇವನ್ನು ಮಾತ್ರ ಲೆಕ್ಕಕ್ಕೆ ಹಿಡಿದು ಕೆರೆಯ ಮಟ್ಟ ಎಷ್ಟಿರಬೇಕೆಂದು ಹೇಳುವ ಗಣಿತ ಮಾದರಿಯೊಂದನ್ನು ಅವರು ರಚಿಸಿದರು. 1932ರಿಂದ 1982ರವರೆಗೆ ಲೆಕ್ಕದ ಮಟ್ಟವೂ ಅಳೆದ ಮಟ್ಟವೂ ಒಂದು ಮೀಟರಿನೊಳಗೆ ತಾಳೆಯಾದವು. ಆಮೇಲೆ ತಾಳ ತಪ್ಪಿತು. 1997ರ ಹೊತ್ತಿಗೆ ಕೆರೆ ಇರಬೇಕಾದದ್ದಕ್ಕಿಂತ 3ರಿಂದ 4 ಮೀಟರ್ ಕೆಳಗಿತ್ತು. ತಾಳ ತಪ್ಪಲು ಶುರುವಾದ ಕಾಲವೂ ಅಲ್ಲಿ ತೋಟಗಾರಿಕೆ ಬೆಳೆಯತೊಡಗಿದ ಕಾಲವೂ ಒಂದೇ. ಮುಂದೆ 2012ರಲ್ಲಿ ಮೆಕೊನ್ನೆನ್, ಹೂಕ್‌ಸ್ಟ್ರಾ ಮತ್ತು ಬೆಕ್ಟ್, ಅಲ್ಲಿನ ಒಂದು ಗುಲಾಬಿಗೆ 7ರಿಂದ 13 ಲೀಟರ್ ನೀರು ಬೇಕು ಎಂದು ಲೆಕ್ಕ ಹಾಕಿದರು. 2020ರಲ್ಲಿ ಇದೇ ಕೆರೆ ಉಕ್ಕಿ ದಡದ ಮನೆಗಳು ಮುಳುಗಿದವು. ಆದ್ದರಿಂದ ಒಂದು ವರ್ಷದ ಮಟ್ಟ ನೋಡಿ ತೀರ್ಪು ಕೊಡಬಾರದು. ಐವತ್ತು ವರ್ಷದ ದಾಖಲೆ ಇಟ್ಟವರ ಬೆಲೆ ಇಲ್ಲಿ ತಿಳಿಯುತ್ತದೆ.

ನೈವಾಷಾಕ್ಕೂ ನಮಗೂ ನೇರ ನಂಟೂ ಒಂದಿದೆ. 2007ರಲ್ಲಿ ಬೆಂಗಳೂರಿನ ಹೂ ಕಂಪನಿಯೊಂದು ಅಲ್ಲಿನ ಭಾರಿ ಗುಲಾಬಿ ತೋಟವೊಂದನ್ನು ಕೊಂಡು ಜಗತ್ತಿನ ಅತಿ ದೊಡ್ಡ ಗುಲಾಬಿ ಬೆಳೆಗಾರರ ಸಾಲಿಗೆ ಸೇರಿತು. ಇಲ್ಲಿನ ಪತ್ರಿಕೆಗಳು ಹೆಮ್ಮೆಪಟ್ಟವು. 2014ರಲ್ಲಿ ಸಾಲ ಕೊಟ್ಟ ಬ್ಯಾಂಕು ತೋಟವನ್ನು ವಶಕ್ಕೆ ತೆಗೆದುಕೊಂಡಿತು. ಬಾಕಿ ಸಂಬಳಕ್ಕಾಗಿ ಅಲೆದವರು ಹೂ ಕೊಯ್ಯುತ್ತಿದ್ದ ಆಳುಗಳು.

ಹಾಗಾದರೆ ದೂರದ ಹೂವನ್ನು ಬಿಟ್ಟು ಹತ್ತಿರದ್ದನ್ನೇ ಕೊಂಡರೆ ಆಯಿತೆ? ಎಷ್ಟೋ ಜನ ಹೀಗೆ ನಂಬಿದ್ದಾರೆ. 2007ರಲ್ಲಿ ಇಂಗ್ಲೆಂಡಿನ ಕ್ರಾನ್‌ಫೀಲ್ಡ್ ವಿಶ್ವವಿದ್ಯಾಲಯದ ಏಡ್ರಿಯನ್ ವಿಲಿಯಮ್ಸ್ ಇದನ್ನು ಅಳೆದರು. ಬ್ರಿಟನ್ನಿಗೆ ಬರುವ 12,000 ಗುಲಾಬಿಗಳಿಗೆ ಹಾಲೆಂಡಿನಿಂದಾದರೆ ಸುಮಾರು 35,000 ಕಿಲೋಗ್ರಾಂ, ಕೀನ್ಯಾದಿಂದ ವಿಮಾನದಲ್ಲಿ ಬಂದರೆ ಸುಮಾರು 6,000 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ ಎಂದು ಲೆಕ್ಕ ಬಂತು. ಭಾಗಿಸಿ ನೋಡಿ: ಒಂದು ಹೂವಿಗೆ ಹತ್ತಿರದ್ದಾದರೆ ಹತ್ತಿರಹತ್ತಿರ 3 ಕಿಲೋಗ್ರಾಂ, ದೂರದ್ದಾದರೆ ಅರ್ಧ ಕಿಲೋಗ್ರಾಂ. ಚಳಿಗಾಲದಲ್ಲಿ ಗಾಜಿನ ಮನೆಯನ್ನು ಬೆಚ್ಚಗಿಡುವ ಅನಿಲ ವಿಮಾನದ ಇಂಧನವನ್ನೂ ಮೀರಿಸಿತ್ತು. ಇದನ್ನು ಹೂ ಆಮದು ಮಾಡುವ ಕಂಪನಿಯೊಂದು ಮಾಡಿಸಿತ್ತು ಎಂಬುದನ್ನು ನೆನಪಿಡಬೇಕು. ಆದರೂ ಮೈಲಿಗಲ್ಲು ಎಣಿಸಿ ಹೂವಿನ ಗುಣ ನಿರ್ಧರಿಸಬಾರದು ಎಂಬ ಪಾಠ ಉಳಿಯುತ್ತದೆ.

ಈ ಎಲ್ಲ ಜಗಳಗಳ ನಡುವೆ ಯುರೋಪಿನ ಕಾರ್ಮಿಕ ಸಂಘಗಳು ಮತ್ತು ಸ್ವಯಂಸೇವಾ ಸಂಸ್ಥೆಗಳು 1998ರಲ್ಲಿ ಕತ್ತರಿಸಿದ ಹೂವಿನ ಉತ್ಪಾದನೆಗಾಗಿ ಒಂದು ಅಂತರರಾಷ್ಟ್ರೀಯ ಸಂಹಿತೆಯನ್ನು ರೂಪಿಸಿದವು. ಸಂಘ ಕಟ್ಟುವ ಹಕ್ಕು, ಬದುಕಲು ಸಾಲುವ ಕೂಲಿ, ಬಾಲಕಾರ್ಮಿಕರ ನಿಷೇಧ, ಅತಿ ವಿಷಕಾರಿ ರಾಸಾಯನಿಕಗಳ ನಿಷೇಧ ಅದರಲ್ಲಿದ್ದವು. ಸಿಂಪಡಣೆಯಾದ ಮೇಲೆ ಇಂತಿಷ್ಟು ಹೊತ್ತು ಯಾರೂ ಹಸಿರುಮನೆಗೆ ಹೋಗಬಾರದು ಎಂಬ ನಿಯಮವೂ ಇತ್ತು. ನನ್ನ ಮಟ್ಟಿಗೆ ಮುಖ್ಯವಾದದ್ದು ಇದೇ. ಫೇರ್‌ಟ್ರೇಡ್ ಮುದ್ರೆಯ ಗುಲಾಬಿ 2001ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ, 2004ರಲ್ಲಿ ಬ್ರಿಟನ್ನಿನಲ್ಲಿ ಅಂಗಡಿಗೆ ಬಂತು. ಮುದ್ರೆಯಿಂದ ಎಲ್ಲ ಸರಿಹೋಗುವುದಿಲ್ಲ. ತಪಾಸಣೆಗೆ ಬರುವವರು ಹಬ್ಬದ ವಾರದ ಮಧ್ಯರಾತ್ರಿ ಬರುವುದು ಅಪರೂಪ. ಆದರೆ ಕೇಳುವವರೇ ಇಲ್ಲದ ಕಡೆ ಒಬ್ಬರು ಕೇಳಿದಂತಾಯಿತು.

ಈಗ ನಮ್ಮ ಊರಿನ ಹೂವಿಗೆ ಬನ್ನಿ. ದೊಡ್ಡಬಳ್ಳಾಪುರ, ಹೊಸೂರುಗಳ ಸುತ್ತಿನ ಪಾಲಿಹೌಸ್‌ಗಳಲ್ಲಿ ಬಿಸಿಮಾಡುವ ಅಗತ್ಯವಿಲ್ಲ. ಇಂಗಾಲದ ಲೆಕ್ಕದಲ್ಲಿ ಇದು ದೊಡ್ಡ ಅನುಕೂಲ. ಕಡ್ಡಿ ಚಿವುಟಿದ ಸುಮಾರು ಏಳು ವಾರಕ್ಕೆ ಹೂ ಕೊಯ್ಲಿಗೆ ಬರುವುದರಿಂದ ಬೆಳೆಗಾರರು ಡಿಸೆಂಬರಿನಲ್ಲೇ ಫೆಬ್ರವರಿ 14ನ್ನು ಎಣಿಸಿ ಕತ್ತರಿ ಹಿಡಿಯುತ್ತಾರೆ. ಎಲ್ಲ ಗಿಡಗಳೂ ಒಂದೇ ವಾರ ಚಿಗುರಿ, ಒಂದೇ ವಾರ ಮೊಗ್ಗಾಗುತ್ತವೆ. ನುಸಿಗೂ ಬೂದಿರೋಗಕ್ಕೂ ಅದು ಹಬ್ಬವೇ. ಮುಚ್ಚಿದ ಮನೆಯೊಳಗೆ ಸಿಂಪಡಿಸುವವರು ಬಹುಪಾಲು ಬೇರೆ ಊರಿನಿಂದ ಬಂದ ಕೂಲಿಗಳು. ಬಯಲಿನಲ್ಲಿ ಬೆಳೆದ ನಾಟಿ ಗುಲಾಬಿಯಾದರೆ ಔಷಧಿ ಹೊಡೆದಿರುವುದಿಲ್ಲ ಎಂದು ತಿಳಿಯುವುದೂ ತಪ್ಪು.

ಆದ್ದರಿಂದ ಹೂ ಕೊಡಬೇಕೆಂದಿದ್ದರೆ ಕೊಡಿ, ಆದರೆ ಕೇಳಿ ಕೊಳ್ಳಿ. ಯಾವ ಊರಿನದು? ಎಂದು ಕೊಯ್ದದ್ದು? ಔಷಧಿ ಹೊಡೆದ ಎಷ್ಟು ದಿನಕ್ಕೆ ಕೊಯ್ದರು? ಮೂರನೆಯದಕ್ಕೆ ಅಂಗಡಿಯವರಿಗೆ ಉತ್ತರ ಗೊತ್ತಿರುವುದಿಲ್ಲ. ಹತ್ತು ಜನ ಕೇಳಿದರೆ ಅವರು ಹರಾಜಿನಲ್ಲಿ ಬೆಳೆಗಾರರನ್ನು ಕೇಳುತ್ತಾರೆ. ಒಂದು ಕಲೆಯಿರುವ ಎಲೆಯ ಹೂವನ್ನು ಬೇಡವೆನ್ನದೆ ತೆಗೆದುಕೊಳ್ಳಿ. ಆ ಕಲೆ ಒಂದು ಸಿಂಪಡಣೆ ಕಡಿಮೆಯಾದದ್ದರ ಗುರುತಿರಬಹುದು. ಬೇರು ಸಹಿತವಾದ ಕುಂಡದ ಗುಲಾಬಿಯೋ, ನಿಮ್ಮ ಹಿತ್ತಿಲಿನ ಹೂವೋ ಆದರೆ ಮೂರೂ ಪ್ರಶ್ನೆಗೆ ಉತ್ತರ ನಿಮ್ಮಲ್ಲೇ ಇರುತ್ತದೆ. ತಾರೀಕನ್ನು ಒಂದು ವಾರ ಮುಂದೂಡಲು ಒಪ್ಪುವ ಪ್ರೀತಿಯಾದರೆ ಇನ್ನೂ ಒಳ್ಳೆಯದು, ಹೂ ತಾಜಾ ಸಿಗುತ್ತದೆ.

ತರಗತಿಯಲ್ಲಿ ಮಾಡಬಹುದಾದ ಒಂದು ಸಣ್ಣ ಕೆಲಸವಿದೆ. ಫೆಬ್ರವರಿ 1ರಿಂದ 20ರವರೆಗೆ ನಿಮ್ಮೂರಿನ ಅಂಗಡಿಯಲ್ಲಿ ಒಂದು ಗುಲಾಬಿಯ ಬೆಲೆ, ಅದು ಬಂದ ಊರು, ಕೊಯ್ದ ದಿನ ಇವನ್ನು ವಿದ್ಯಾರ್ಥಿಗಳು ಬರೆದಿಡಲಿ. ಬೆಲೆಯ ನಕ್ಷೆ ಎಳೆದು, ಅದರ ಕೆಳಗೆ ಏಳು ವಾರ ಹಿಂದಕ್ಕೆ ಸರಿಸಿ ಗಿಡ ಚಿವುಟಿದ ದಿನವನ್ನು ಗುರುತಿಸಲಿ. 15ನೆಯ ತಾರೀಕಿನ ಬೆಲೆ ಬರೆಯುವುದನ್ನು ಮರೆಯದಿರಲಿ.