ಬ್ರ್ಯಾಂಡನ್ನಿನ ಆ ಒಂದು ಕಲ್ಲು

ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ ಬಿಗ್ಗರ್ ಎಂಬ ಸಣ್ಣ ಊರಿದೆ. ‘ನ್ಯೂಯಾರ್ಕ್ ಬಿಗ್, ಆದರೆ ಇದು ಬಿಗ್ಗರ್’ ಎಂದು ಫಲಕ ನೆಟ್ಟು ತನ್ನನ್ನು ತಾನೇ ತಮಾಷೆ ಮಾಡಿಕೊಳ್ಳುವ ಊರು. ಸಾಂಡ್ರಾ ಶ್ಮಿರ್ಲರ್ 1963ರಲ್ಲಿ ಹುಟ್ಟಿದ್ದು ಇಲ್ಲಿ. ಕರ್ಲಿಂಗ್ ಎಂಬ ಆಟದಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಮೊದಲ ಮಹಿಳಾ ತಂಡದ ನಾಯಕಿ ಅವರು. ದಾಖಲೆಗಳು ಈ ಚಿನ್ನವನ್ನೇ ಮುಂದೆ ಮಾಡುತ್ತವೆ. ನನಗೆ ಮಾತ್ರ ಅದಕ್ಕೂ ಕೆಲವು ತಿಂಗಳ ಹಿಂದೆ ಉರುಳಿದ ಒಂದು ಕಲ್ಲೇ ಅವರ ನಿಜವಾದ ಚರಿತ್ರೆ ಅನ್ನಿಸುತ್ತದೆ.

ಆಟವನ್ನು ಸ್ವಲ್ಪ ಹೇಳಬೇಕು. ಸುಮಾರು 20 ಕಿಲೋ ತೂಕದ, ಹಿಡಿಯಿರುವ ಗ್ರಾನೈಟ್ ಕಲ್ಲನ್ನು ಮಂಜುಗಡ್ಡೆಯ ಮೇಲೆ ಜಾರಿಬಿಡುವುದು. ಆಚೆ ತುದಿಯಲ್ಲಿ ವೃತ್ತಗಳಿರುತ್ತವೆ. ನಡುಬಿಂದುವಿಗೆ ಯಾರ ಕಲ್ಲು ಹತ್ತಿರವೋ ಅವರಿಗೆ ಅಂಕ. ಒಂದು ಸುತ್ತಿಗೆ ತಂಡಕ್ಕೆ ಎಂಟು ಕಲ್ಲು. ಕಲ್ಲು ಹೊರಟ ಮೇಲೆ ಇಬ್ಬರು ಅದರ ಮುಂದೆ ಬ್ರಷ್ ಹಿಡಿದು ಮಂಜನ್ನು ಉಜ್ಜುತ್ತಾ ಓಡುತ್ತಾರೆ. ಉಜ್ಜಿದಷ್ಟೂ ಕಲ್ಲು ದೂರ ಹೋಗುತ್ತದೆ, ಕಡಿಮೆ ತಿರುಗುತ್ತದೆ. ನೋಡುವವರಿಗೆ ಕಸ ಗುಡಿಸಿದಂತೆ ಕಾಣುತ್ತದೆ, ನಗುವೂ ಬರುತ್ತದೆ. ಆದರೆ ನಾಯಕಿ ಬಿಟ್ಟ ಕಲ್ಲಿನ ಹಣೆಬರಹ ಅರ್ಧ ಈ ಇಬ್ಬರ ತೋಳಿನಲ್ಲಿದೆ.

ಸಾಂಡ್ರಾ ಜೊತೆ ಇದ್ದವರು ಜ್ಯಾನ್ ಬೆಟ್ಕರ್, ಜೋನ್ ಮೆಕಸ್ಕರ್, ಮಾರ್ಸಿಯಾ ಗುಡೆರೈಟ್. ಎಲ್ಲರೂ ಬೇರೆ ಉದ್ಯೋಗ, ಸಂಸಾರ ಇಟ್ಟುಕೊಂಡೇ ಆಡಿದವರು. ಸಾಂಡ್ರಾ ರೆಜಿನಾ ನಗರದ ಒಂದು ಕ್ರೀಡಾ-ಮನರಂಜನಾ ಕೇಂದ್ರದಲ್ಲಿ ಮೇಲ್ವಿಚಾರಕಿ. ಹೀಗಿದ್ದೂ 1993, 1994, 1997ರಲ್ಲಿ ಈ ನಾಲ್ವರು ವಿಶ್ವ ಚಾಂಪಿಯನ್ನರಾದರು.

1924ರ ಚಳಿಗಾಲದ ಒಲಿಂಪಿಕ್ಸಿನಲ್ಲಿ ಕರ್ಲಿಂಗ್ ಇತ್ತು, ಗಂಡಸರಿಗೆ ಮಾತ್ರ. ಆಮೇಲೆ ಪದಕವಿಲ್ಲದ ಪ್ರದರ್ಶನದ ಆಟವಾಗಿ ಆಗೀಗ ಬಂದು ಹೋಯಿತು. ಹೆಂಗಸರಿಗೆ ಪದಕದ ಬಾಗಿಲು ತೆರೆದದ್ದು 1998ರಲ್ಲಿ, ಜಪಾನಿನ ನಾಗಾನೊದಲ್ಲಿ. ಅಲ್ಲಿಗೆ ಕೆನಡಾದಿಂದ ಒಂದೇ ತಂಡ. ಆಯ್ಕೆ ಪಂದ್ಯಾವಳಿ 1997ರ ನವೆಂಬರಿನಲ್ಲಿ ಮ್ಯಾನಿಟೋಬಾದ ಬ್ರ್ಯಾಂಡನ್ನಿನಲ್ಲಿ ನಡೆಯಿತು. ಆ ಸೆಪ್ಟೆಂಬರಿನಲ್ಲಷ್ಟೇ ಸಾಂಡ್ರಾಗೆ ಮೊದಲ ಮಗಳು ಹುಟ್ಟಿದ್ದಳು. ಬಾಣಂತನ ಮುಗಿಯುವ ಮೊದಲೇ ಮಂಜಿಗಿಳಿದರು ಎಂದು ನಮ್ಮ ಅಜ್ಜಿಯಂದಿರು ಬೈದಿರುತ್ತಿದ್ದರೇನೋ.

ಫೈನಲ್ಲಿನ ಎದುರಾಳಿ ಶಾನನ್ ಕ್ಲೈಬ್ರಿಂಕ್ ತಂಡ. ಏಳನೇ ಸುತ್ತಿನಲ್ಲಿ ಎದುರಾಳಿಯ ಕಲ್ಲು ನಡುಬಿಂದುವಿನ ಹತ್ತಿರ ಕೂತಿತ್ತು. ನೇರ ದಾರಿಗೆ ಅಡ್ಡವಾಗಿ ಬೇರೆ ಕಲ್ಲುಗಳು. ಕೇರಂ ಆಡಿದವರಿಗೆ ಸಾಂಡ್ರಾ ಮಾಡಿದ್ದು ತಟ್ಟನೆ ತಿಳಿಯುತ್ತದೆ. ಪಕ್ಕಕ್ಕಿದ್ದ ಒಂದು ಕಲ್ಲಿಗೆ ತಮ್ಮ ಕಲ್ಲನ್ನು ತಾಗಿಸಿ, ಅಲ್ಲಿಂದ ಒಳಕ್ಕೆ ತಿರುಗಿಸಿ, ನಡುವಿನ ಕಲ್ಲನ್ನು ಹೊರಗಟ್ಟಿದರು. ಕೇರಂ ಬೋರ್ಡಿನಲ್ಲಿ ಇದು ಒಂದು ಗೇಣಿನ ಲೆಕ್ಕ. ಇಲ್ಲಿ ಕಲ್ಲು ಕೈಬಿಟ್ಟ ಮೇಲೆ ಸುಮಾರು 30 ಮೀಟರ್ ಸಾಗಬೇಕು, ತಾಗುವ ಜಾಗ ಚೂರು ಆಚೀಚೆಯಾದರೂ ಮುಗಿಯಿತು. ಮೂರು ಅಂಕ ಬಂದವು, ಪಂದ್ಯವೂ ಬಂತು. ಕೆನಡಾದ ಕರ್ಲಿಂಗ್ ಪ್ರಿಯರು ಇಂದಿಗೂ ಆ ಏಟಿನ ಮಾತಾಡುತ್ತಾರೆ. ಅದೃಷ್ಟ ಎಂದವರೂ ಇರಬಹುದು. ಆದರೆ ಆ ದಾರಿಯನ್ನು ಕಂಡದ್ದು ಅದೃಷ್ಟವಲ್ಲ.

ನಾಗಾನೊ ಕೂಟದ ಕರ್ಲಿಂಗ್ ನಡೆದದ್ದು ಕರುಯಿಜಾವಾ ಊರಿನಲ್ಲಿ. ಸೆಮಿಫೈನಲ್ಲಿನಲ್ಲಿ ಬ್ರಿಟನ್ ಹೆಚ್ಚುವರಿ ಸುತ್ತಿನವರೆಗೂ ಸತಾಯಿಸಿತು. ಫೈನಲ್ಲಿನಲ್ಲಿ ಡೆನ್ಮಾರ್ಕನ್ನು 7-5ರಿಂದ ಸೋಲಿಸಿದರು. ಸೋತ ಡೆನ್ಮಾರ್ಕಿಗೂ ಅದು ಹಬ್ಬವೇ: ಚಳಿಗಾಲದ ಒಲಿಂಪಿಕ್ಸಿನಲ್ಲಿ ಆ ದೇಶದ ಮೊಟ್ಟಮೊದಲ ಪದಕ.

ಮರುವರ್ಷ ಎರಡನೇ ಮಗಳು ಹುಟ್ಟಿದಳು. ಅದೇ ವರ್ಷ ಕ್ಯಾನ್ಸರ್ ಪತ್ತೆಯಾಯಿತು. 2000ದ ಫೆಬ್ರುವರಿಯಲ್ಲಿ ಮಾಂಕ್ಟನ್ನಿನ ಕಿರಿಯರ ಪಂದ್ಯಾವಳಿಗೆ ಟಿವಿ ವಿವರಣೆ ಕೊಡಲು ಬಂದು, ತಮ್ಮ ಕಾಯಿಲೆಯ ಬಗ್ಗೆಯೂ ಪತ್ರಕರ್ತರೊಂದಿಗೆ ಬಿಚ್ಚಿ ಮಾತಾಡಿದರು. ಮಾರ್ಚ್ 2ರಂದು ತೀರಿಕೊಂಡರು. 36 ವರ್ಷ. ರೆಜಿನಾದಲ್ಲಿ ನಡೆದ ವಿದಾಯದ ಪ್ರಾರ್ಥನೆಯನ್ನು ದೇಶದ ಟಿವಿ ನೇರವಾಗಿ ತೋರಿಸಿತು. ಅದೇ ಹೊತ್ತಿಗೆ ಸಸ್ಕಟೂನಿನಲ್ಲಿ ಗಂಡಸರ ರಾಷ್ಟ್ರೀಯ ಪಂದ್ಯಾವಳಿ ‘ಬ್ರೈಯರ್’ ನಡೆಯುತ್ತಿತ್ತು. ಆಟವನ್ನು ತಡೆಹಿಡಿದು, ಆಟಗಾರರೂ ಪ್ರೇಕ್ಷಕರೂ ಅಂಗಳದಲ್ಲೇ ಪರದೆಯ ಮೇಲೆ ಅದನ್ನು ನೋಡಿದರು.