ಶ್ರೀರಂಗಪಟ್ಟಣದ ಕ್ರೈಸ್ತ ಸಮುದಾಯ

ಶ್ರೀರಂಗಪಟ್ಟಣದ ಕ್ರೈಸ್ತ ಸಮುದಾಯವು ಕರ್ನಾಟಕದ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ ದ್ವೀಪ ಹಾಗೂ ಅದರ ಆಸುಪಾಸಿನ ಊರುಗಳಲ್ಲಿ ನೆಲೆಸಿರುವ ಅಲ್ಪಸಂಖ್ಯಾತ ಸಮುದಾಯವಾಗಿದೆ. ಇದರ ದಾಖಲಿತ ಇತಿಹಾಸವು 17ನೆಯ ಶತಮಾನದ ಮಧ್ಯಭಾಗದಿಂದ ಆರಂಭವಾಗುತ್ತದೆ. ಕ್ರೈಸ್ತ ವಿಶ್ವಾಸವನ್ನು ಸ್ವೀಕರಿಸಿದ ವ್ಯಕ್ತಿಯ ಗುರುತು ಯಾವುದರಿಂದ ನಿರ್ಧಾರವಾಗುತ್ತದೆ, ಉಡುಪು, ಹೆಸರು, ಆಹಾರ ಮತ್ತು ಜಾತಿಗಳಲ್ಲಿ ಯಾವುದು ಬದಲಾಗಬೇಕು, ಯಾವುದು ಉಳಿಯಬಹುದು ಎಂಬ ಪ್ರಶ್ನೆಗಳು ಈ ಪ್ರದೇಶದಲ್ಲಿ ಹಲವು ಬಾರಿ ಎದುರಾಗಿವೆ. 1784ರಿಂದ 1799ರವರೆಗಿನ ಕೆನರಾ ಕ್ರೈಸ್ತರ ಸೆರೆವಾಸ ಮತ್ತು ಅದರ ನಂತರ ಅಬ್ಬೆ ದ್ಯುಬುವಾ ಅವರು ನಡೆಸಿದ ಪುನಸ್ಸಂಘಟನೆ ಇವುಗಳಲ್ಲಿ ಪ್ರಮುಖವಾದವು.

ಹೊಸ ಗುರುತಿನ ಕಲ್ಪನೆ

ಕ್ರೈಸ್ತ ಬೋಧನೆಯ ಪ್ರಕಾರ ಯೇಸು ಕ್ರಿಸ್ತನಲ್ಲಿ ವಿಶ್ವಾಸವಿಡುವ ವ್ಯಕ್ತಿಯು ಹೊಸ ಸೃಷ್ಟಿಯಾಗುತ್ತಾನೆ. ಈ ವಿಚಾರವು ಬೈಬಲಿನ ಹೊಸ ಒಡಂಬಡಿಕೆಯಲ್ಲಿರುವ ಸಂತ ಪೌಲನ ಪತ್ರಗಳಲ್ಲಿ, ವಿಶೇಷವಾಗಿ ರೋಮನರಿಗೆ, ಕೊರಿಂಥದವರಿಗೆ ಮತ್ತು ಗಲಾತ್ಯದವರಿಗೆ ಬರೆದ ಪತ್ರಗಳಲ್ಲಿ ವಿಸ್ತಾರವಾಗಿ ಪ್ರತಿಪಾದಿತವಾಗಿದೆ. ಕುಲ, ಸಾಮಾಜಿಕ ಸ್ಥಾನಮಾನ ಹಾಗೂ ಲಿಂಗದ ಭೇದಗಳು ಕ್ರಿಸ್ತನಲ್ಲಿ ಮುಖ್ಯವಾಗುವುದಿಲ್ಲ ಎಂಬುದು ಪೌಲನ ವಾದ. ಹೊಸ ಗುರುತಿಗೆ ತಕ್ಕ ನಡವಳಿಕೆಯೂ ಇರಬೇಕೆಂದು ಅವನು ಹೇಳುತ್ತಾನೆ. ಕ್ಷಮೆ, ಪರಸ್ಪರ ಪ್ರೀತಿ, ಸತ್ಯಸಂಧತೆ, ಬಡವರ ಮತ್ತು ರೋಗಿಗಳ ಸೇವೆ ಇದರ ಲಕ್ಷಣಗಳಾಗಿವೆ.

ಈ ಬದಲಾವಣೆಯ ಸಂಸ್ಕಾರವನ್ನು ಕನ್ನಡದ ಕಥೋಲಿಕರು ಸಾಮಾನ್ಯವಾಗಿ ಜ್ಞಾನಸ್ನಾನವೆಂದೂ ಪ್ರೊಟೆಸ್ಟಂಟರು ದೀಕ್ಷಾಸ್ನಾನವೆಂದೂ ಕರೆಯುತ್ತಾರೆ. ನೀರಿನಲ್ಲಿ ಮುಳುಗುವುದು ಹಳೆಯ ಬದುಕಿನ ಮರಣವನ್ನೂ ಮೇಲೇಳುವುದು ಹೊಸ ಬದುಕಿನ ಆರಂಭವನ್ನೂ ಸೂಚಿಸುತ್ತದೆ. ಕಥೋಲಿಕ ಸಿದ್ಧಾಂತದಲ್ಲಿ ಜ್ಞಾನಸ್ನಾನವು ಆತ್ಮದ ಮೇಲೆ ಅಳಿಸಲಾಗದ ಮುದ್ರೆಯನ್ನು ಒತ್ತುತ್ತದೆ. ಆದ್ದರಿಂದ ಅದನ್ನು ಒಬ್ಬ ವ್ಯಕ್ತಿಗೆ ಒಮ್ಮೆ ಮಾತ್ರ ನೀಡಲಾಗುತ್ತದೆ. ವಿಶ್ವಾಸವನ್ನು ತೊರೆದು ಮರಳಿ ಬಂದವರಿಗೆ ಮತ್ತೆ ಜ್ಞಾನಸ್ನಾನ ನೀಡದೆ, ಪಾಪನಿವೇದನೆ ಮತ್ತು ಪ್ರಾಯಶ್ಚಿತ್ತದ ಮೂಲಕ ಅವರನ್ನು ಸೇರಿಸಿಕೊಳ್ಳಲಾಗುತ್ತದೆ. ಶ್ರೀರಂಗಪಟ್ಟಣದ ಇತಿಹಾಸವನ್ನು ಅರಿಯಲು ಈ ನಿಯಮವು ಸಹಾಯಕವಾಗಿದೆ.

ಜೆಸುಯಿಟ್ ಮಿಷನ್

ಮೈಸೂರು ಒಡೆಯರ ರಾಜಧಾನಿಯಾಗಿದ್ದ ಶ್ರೀರಂಗಪಟ್ಟಣಕ್ಕೆ ಇಟಲಿಯ ಜೆಸುಯಿಟ್ ಪಾದ್ರಿ ಲಿಯೊನಾರ್ದೊ ಚಿನ್ನಾಮಿ ಅವರು 1648–49ರ ಸುಮಾರಿಗೆ ಬಂದರು. ಆಗ ಒಂದನೆಯ ಕಂಠೀರವ ನರಸರಾಜ ಒಡೆಯರ ಆಳ್ವಿಕೆ ನಡೆಯುತ್ತಿತ್ತು. ಚಿನ್ನಾಮಿ ಅವರು ಆರಂಭಿಸಿದ ಈ ಕಾರ್ಯವು ಮುಂದೆ ಮೈಸೂರು ಮಿಷನ್ ಎಂದು ಪ್ರಸಿದ್ಧವಾಯಿತು. ಅವರು ಕನ್ನಡವನ್ನು ಕಲಿತು ಧರ್ಮೋಪದೇಶದ ಪುಸ್ತಕ, ವ್ಯಾಕರಣ ಮತ್ತು ನಿಘಂಟುಗಳನ್ನು ರಚಿಸಿದರೆಂದು ಹೇಳಲಾಗಿದೆ.

ಇದಕ್ಕೂ ಮೊದಲು, 1606ರಿಂದ, ರಾಬರ್ಟೊ ಡಿ ನೊಬಿಲಿ ಅವರು ಮಧುರೆಯಲ್ಲಿ ಸಂನ್ಯಾಸಿಯಂತೆ ಬದುಕಿ ಬೋಧಿಸುವ ಮಾರ್ಗವನ್ನು ಅನುಸರಿಸಿದ್ದರು. ಚಿನ್ನಾಮಿ ಅವರೂ ಮೈಸೂರು ಸೀಮೆಯಲ್ಲಿ ಅದೇ ಮಾರ್ಗವನ್ನು ಹಿಡಿದರು. ಕ್ರೈಸ್ತನಾಗಲು ದೇಶಾಚಾರವನ್ನೆಲ್ಲ ಬಿಟ್ಟು ಯೂರೋಪಿಯನ್ನರಂತೆ ಬದುಕಬೇಕಾಗಿಲ್ಲ ಎಂಬುದು ಈ ಮಾರ್ಗದ ತಿರುಳು. ಪೋರ್ಚುಗೀಸರನ್ನು ಪರಂಗಿಗಳೆಂದು ಕರೆಯುತ್ತಿದ್ದ ಜನರು ಅವರ ಆಹಾರ ಮತ್ತು ನಡವಳಿಕೆಗಳನ್ನು ಕೀಳಾಗಿ ಕಾಣುತ್ತಿದ್ದರು. ಕ್ರೈಸ್ತ ಧರ್ಮವು ಪರಂಗಿಗಳ ಧರ್ಮವೆಂಬ ಭಾವನೆಯನ್ನು ಹೋಗಲಾಡಿಸುವುದು ಜೆಸುಯಿಟರ ಉದ್ದೇಶವಾಗಿತ್ತು.

ಯಾವ ಆಚಾರಗಳು ಕೇವಲ ಸಾಮಾಜಿಕ, ಯಾವುವು ಧಾರ್ಮಿಕ ಎಂಬ ವಿಷಯವು ಚರ್ಚಿನೊಳಗೇ ವಿವಾದಕ್ಕೆ ಕಾರಣವಾಯಿತು. 1623ರಲ್ಲಿ ಪೋಪ್ ಹದಿನೈದನೆಯ ಗ್ರೆಗೊರಿ ಅವರು ಡಿ ನೊಬಿಲಿ ಅವರ ಮಾರ್ಗಕ್ಕೆ ಷರತ್ತುಗಳೊಂದಿಗೆ ಸಮ್ಮತಿ ನೀಡಿದರು. ಆದರೆ 1744ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟ್ ಅವರು ಇಂತಹ ಹಲವು ಆಚಾರಗಳನ್ನು ನಿಷೇಧಿಸಿದ ಹಿಂದಿನ ಆದೇಶವನ್ನು ದೃಢಪಡಿಸಿದರು. ಈ ವಿವಾದವನ್ನು ಮಲಬಾರ್ ವಿಧಿಗಳ ವಿವಾದವೆಂದು ಕರೆಯಲಾಗುತ್ತದೆ. 1773ರಲ್ಲಿ ಜೆಸುಯಿಟ್ ಸಂಘವೇ ವಿಸರ್ಜಿತವಾಯಿತು. ಅನಂತರ ಪಾಂಡಿಚೇರಿಯನ್ನು ಕೇಂದ್ರವಾಗಿಸಿಕೊಂಡ ಪ್ಯಾರಿಸ್ ವಿದೇಶೀ ಮಿಷನ್ ಸಂಘದ ಪಾದ್ರಿಗಳು ಈ ಪ್ರದೇಶದ ಹೊಣೆಯನ್ನು ವಹಿಸಿಕೊಂಡರು.

ಸೆರೆವಾಸ (1784–1799)

ಎರಡನೆಯ ಆಂಗ್ಲೋ–ಮೈಸೂರು ಯುದ್ಧದ ಕೊನೆಯಲ್ಲಿ ಟಿಪ್ಪು ಸುಲ್ತಾನನು ಮಂಗಳೂರನ್ನು ಇಂಗ್ಲಿಷರಿಂದ ಮರಳಿ ಪಡೆದನು. ಕೆನರಾದ ಕೊಂಕಣಿ ಕಥೋಲಿಕರು ಇಂಗ್ಲಿಷರಿಗೆ ನೆರವಾದರೆಂಬ ಶಂಕೆಯಿಂದ 1784ರಲ್ಲಿ ಅವರನ್ನು ಬಂಧಿಸಲು ಆಜ್ಞಾಪಿಸಲಾಯಿತು. ಬಂಧನವು ತಪಸ್ಸುಕಾಲದ ಮೊದಲ ದಿನವಾದ ಬೂದಿ ಬುಧವಾರದಂದು ನಡೆಯಿತೆಂದು ಸಮುದಾಯದ ಪರಂಪರೆ ಹೇಳುತ್ತದೆ. ಬಂಧಿತರನ್ನು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಬರಲಾಯಿತು. ದಾರಿಯಲ್ಲಿ ಅನೇಕರು ಹಸಿವು, ರೋಗ ಮತ್ತು ಆಯಾಸದಿಂದ ಸತ್ತರು. ಬಂಧಿತರ ಸಂಖ್ಯೆಯು ಸುಮಾರು 60,000 ಎಂದು ದ್ಯುಬುವಾ ಬರೆದಿದ್ದಾರೆ. ಇತರ ಅಂದಾಜುಗಳು 30,000ದಿಂದ 80,000ದವರೆಗೆ ವ್ಯತ್ಯಾಸವಾಗುತ್ತವೆ. ಈ ಕ್ರಮಕ್ಕೆ ರಾಜಕೀಯ ಕಾರಣಗಳು ಹೆಚ್ಚೋ ಧಾರ್ಮಿಕ ಕಾರಣಗಳು ಹೆಚ್ಚೋ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯಗಳಿವೆ.

ಸೆರೆಯಲ್ಲಿದ್ದ ಪುರುಷರಿಗೆ ಬಲವಂತವಾಗಿ ಸುನ್ನತಿ ಮಾಡಿಸಿ, ಇಸ್ಲಾಮಿಗೆ ಸೇರಿಸಿ, ಹೊಸ ಹೆಸರುಗಳನ್ನು ನೀಡಲಾಯಿತು. ಯುವಕರನ್ನು ಸೈನ್ಯದ ತುಕಡಿಗಳಿಗೆ ಸೇರಿಸಲಾಯಿತು. ಕೆನರಾದಲ್ಲಿ ಅವರ ಚರ್ಚುಗಳನ್ನು ಕೆಡವಿ ಜಮೀನುಗಳನ್ನು ವಶಪಡಿಸಿಕೊಳ್ಳಲಾಗಿತ್ತು. ಪಾದ್ರಿಗಳನ್ನು ಗಡೀಪಾರು ಮಾಡಲಾಗಿತ್ತು. ಪರಿಣಾಮವಾಗಿ ಹೆಸರು, ಪೂಜೆ, ಹಬ್ಬ, ಮದುವೆ, ಶವಸಂಸ್ಕಾರ ಮೊದಲಾದ ಕ್ರೈಸ್ತ ಬದುಕಿನ ಹೊರ ಗುರುತುಗಳೆಲ್ಲವೂ ಸುಮಾರು ಹದಿನೈದು ವರ್ಷಗಳ ಕಾಲ ಇಲ್ಲವಾದವು. ಸೆರೆಯಲ್ಲಿ ಹುಟ್ಟಿದ ಮಕ್ಕಳು ತಮ್ಮ ತಂದೆತಾಯಿಗಳ ಧರ್ಮದ ಬಹಿರಂಗ ಆಚರಣೆಯನ್ನು ಕಾಣದೆಯೇ ಬೆಳೆದರು.

ಅಬ್ಬೆ ದ್ಯುಬುವಾ ಮತ್ತು ಪುನಸ್ಸಂಘಟನೆ

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಇಂಗ್ಲಿಷರ ವಶವಾಗಿ ಟಿಪ್ಪು ಸುಲ್ತಾನನು ಮಡಿದನು. ಅದೇ ವರ್ಷ ಪ್ಯಾರಿಸ್ ವಿದೇಶೀ ಮಿಷನ್ ಸಂಘದ ಜ್ಯಾನ್ ಆಂತ್ವಾನ್ ದ್ಯುಬುವಾ (1765–1848) ಅವರು ಚದುರಿದ್ದ ಕ್ರೈಸ್ತರನ್ನು ಒಗ್ಗೂಡಿಸಲು ಇಲ್ಲಿಗೆ ಬಂದರು. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ, 1792ರಲ್ಲಿ, ಗುರುದೀಕ್ಷೆ ಪಡೆದ ಅವರು ಭಾರತಕ್ಕೆ ಬಂದು ತಮಿಳುನಾಡಿನಲ್ಲಿ ಕೆಲಸ ಮಾಡಿದ್ದರು.

ದ್ಯುಬುವಾ ಅವರ ಬರಹದ ಪ್ರಕಾರ, ಮರಳಿ ಬಂದವರು ತಾವು ಹೊರಗಿನಿಂದ ಮಾತ್ರ ಧರ್ಮ ತೊರೆದಿದ್ದಾಗಿಯೂ ಒಳಗೆ ವಿಶ್ವಾಸವನ್ನು ಉಳಿಸಿಕೊಂಡಿದ್ದಾಗಿಯೂ ತಿಳಿಸಿದರು. ಸುಮಾರು 2,000 ಜನರು ದ್ಯುಬುವಾ ಅವರ ಬಳಿಗೆ ಬಂದರು. ಸುಮಾರು 20,000 ಜನರು ಮಂಗಳೂರು ಸೀಮೆಗೆ ಹಿಂದಿರುಗಿ ತಮ್ಮ ಚರ್ಚುಗಳನ್ನು ಮತ್ತೆ ಕಟ್ಟಿದರು. ಅಷ್ಟು ದೊಡ್ಡ ಗುಂಪಿನಲ್ಲಿ ಒಬ್ಬರೂ ವಿಶ್ವಾಸಕ್ಕಾಗಿ ಪ್ರಾಣ ಕೊಡುವ ಧೈರ್ಯ ತೋರಲಿಲ್ಲವೆಂದು ಅವರು ಟೀಕಿಸಿದ್ದಾರೆ. ಆದರೂ ಮರಳಿದವರನ್ನು ಸೇರಿಸಿಕೊಳ್ಳಲು ಅವರು ನಿರಾಕರಿಸಲಿಲ್ಲ.

ಇದೇ ಬಗೆಯ ಸಮಸ್ಯೆಯು ಕ್ರಿ.ಶ. 250ರಲ್ಲಿ ರೋಮನ್ ಚಕ್ರವರ್ತಿ ಡೀಸಿಯಸನ ದಮನದ ನಂತರವೂ ಎದುರಾಗಿತ್ತು. ಪ್ರಾಣಭಯದಿಂದ ರೋಮನ್ ದೇವತೆಗಳಿಗೆ ಬಲಿ ಅರ್ಪಿಸಿದ್ದ ಕ್ರೈಸ್ತರನ್ನು ಪ್ರಾಯಶ್ಚಿತ್ತದ ನಂತರ ಮತ್ತೆ ಸೇರಿಸಿಕೊಳ್ಳಬಹುದೆಂದು ಉತ್ತರ ಆಫ್ರಿಕಾದ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಅವರ ಕಾಲದಲ್ಲಿ ತೀರ್ಮಾನಿಸಲಾಗಿತ್ತು. ಬಲವಂತಕ್ಕೆ ಮಣಿದವರು ತಮ್ಮ ಗುರುತನ್ನು ಪೂರ್ಣವಾಗಿ ಕಳೆದುಕೊಂಡಿಲ್ಲವೆಂಬ ನಿಲುವು ಎರಡೂ ಸಂದರ್ಭಗಳಲ್ಲಿ ಕಾಣುತ್ತದೆ.

ದ್ಯುಬುವಾ ಅವರು ದೇಶೀಯ ಉಡುಪು ಧರಿಸಿ, ಇಲ್ಲಿನ ಆಹಾರ ಸೇವಿಸಿ, ಜನರ ನಡುವೆ ಬದುಕಿದರು. ಜನರು ಅವರನ್ನು ದೊಡ್ಡ ಸ್ವಾಮಿಯವರು ಎಂದು ಕರೆಯುತ್ತಿದ್ದರು. ಅವರು ಕೃಷಿ ವಸತಿಗಳನ್ನು ಸ್ಥಾಪಿಸಿದರು. ಸಿಡುಬು ತಡೆಗಟ್ಟಲು ಲಸಿಕೆ ಹಾಕುವ ಪದ್ಧತಿಯನ್ನು ಮೈಸೂರು ಸೀಮೆಯಲ್ಲಿ ಪ್ರಚಾರಪಡಿಸಿದರು. ಗಂಜಾಮಿನಲ್ಲಿ 1800ರ ಸುಮಾರಿಗೆ ನಿರ್ಮಾಣವಾದ ಚರ್ಚು ಇಂದಿಗೂ ಅವರ ಹೆಸರಿನಿಂದ ಪರಿಚಿತವಾಗಿದೆ. ಹಿಂದೂಗಳ ಆಚಾರ ವಿಚಾರಗಳ ಬಗ್ಗೆ ಅವರು ಸಿದ್ಧಪಡಿಸಿದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಕೊಂಡುಕೊಂಡಿತು. ಅದರ ಇಂಗ್ಲಿಷ್ ಅನುವಾದವು 1816ರಲ್ಲಿ ಪ್ರಕಟವಾಯಿತು.

ಮತಾಂತರದ ಬಗ್ಗೆ ವಿವಾದ

ದ್ಯುಬುವಾ ಅವರು 1823ರಲ್ಲಿ ಫ್ರಾನ್ಸಿಗೆ ಹಿಂದಿರುಗಿದರು. ಭಾರತದಲ್ಲಿನ ಕ್ರೈಸ್ತ ಧರ್ಮದ ಸ್ಥಿತಿಯನ್ನು ಕುರಿತ ಅವರ ಪತ್ರಗಳ ಸಂಗ್ರಹವು ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟವಾಯಿತು. ಆಗಿನ ಪರಿಸ್ಥಿತಿಯಲ್ಲಿ ಹಿಂದೂಗಳನ್ನು ನಿಜವಾದ ಅರ್ಥದಲ್ಲಿ ಮತಾಂತರಗೊಳಿಸುವುದು ಸಾಧ್ಯವಿಲ್ಲವೆಂದು ಅವರು ಅದರಲ್ಲಿ ವಾದಿಸಿದರು. ತಮ್ಮ ದೀರ್ಘ ಸೇವೆಯಲ್ಲಿ ಇನ್ನೂರರಿಂದ ಮುನ್ನೂರು ಜನರಿಗೆ ಮಾತ್ರ ದೀಕ್ಷೆ ನೀಡಿದ್ದಾಗಿಯೂ, ಅವರಲ್ಲಿ ಹೆಚ್ಚಿನವರು ಅಸ್ಪೃಶ್ಯರೆನಿಸಿಕೊಂಡವರು ಹಾಗೂ ನಿರ್ಗತಿಕರೆಂದೂ, ಕೆಲವರು ಮದುವೆ ಮೊದಲಾದ ಲೌಕಿಕ ಕಾರಣಗಳಿಗಾಗಿ ಬಂದವರೆಂದೂ ಬರೆದರು. ಜಾತಿಯಿಂದ ಹೊರಬಿದ್ದವನಿಗೆ ಮನೆ, ಬಂಧುಬಳಗ ಮತ್ತು ಜೀವನೋಪಾಯ ಎಲ್ಲವೂ ಒಮ್ಮೆಗೇ ತಪ್ಪಿಹೋಗುತ್ತವೆ ಎಂಬುದು ಅವರು ಗುರುತಿಸಿದ ಮುಖ್ಯ ಅಡ್ಡಿಯಾಗಿತ್ತು. ಪ್ರೊಟೆಸ್ಟಂಟ್ ಪಾದ್ರಿಗಳಾದ ಜೇಮ್ಸ್ ಹಫ್ ಮತ್ತು ಹೆನ್ರಿ ಟೌನ್ಲಿ ಅವರು ಪ್ರತ್ಯುತ್ತರವಾಗಿ ಪುಸ್ತಕಗಳನ್ನು ಬರೆದರು.

ದ್ಯುಬುವಾ ಅವರು ವಿವರಿಸಿದ ಸಾಮಾಜಿಕ ನಷ್ಟವು ಕನ್ನಡ ನಾಡಿನ ಇತರೆಡೆಗಳಲ್ಲಿಯೂ ಕಂಡುಬಂದಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, ದೀಕ್ಷೆ ಪಡೆದು ಕಸುಬು ಮತ್ತು ಆಶ್ರಯ ಕಳೆದುಕೊಂಡವರಿಗಾಗಿ ನೇಯ್ಗೆ ಹಾಗೂ ಹೆಂಚಿನ ಕಾರ್ಖಾನೆಗಳನ್ನು ತೆರೆಯಿತು. ಅಲ್ಲಿ 1844ರಲ್ಲಿ ದೀಕ್ಷೆ ಪಡೆದ ಸಾರಸ್ವತ ಬ್ರಾಹ್ಮಣ ಆನಂದರಾವ್ ಕೌಂಡಿನ್ಯ ಅವರು ಹರ್ಮನ್ ಎಂಬ ಹೆಸರನ್ನು ಸೇರಿಸಿಕೊಂಡು ಮುಂದೆ ಮಿಷನರಿಯಾದರು. ಮೈಸೂರು ಸಂಸ್ಥಾನದಲ್ಲಿ ವೆಸ್ಲಿಯನ್ ಮಿಷನ್ ಶಾಲೆ, ಮುದ್ರಣಾಲಯ ಮತ್ತು ಆಸ್ಪತ್ರೆಗಳ ಮೂಲಕ ಕೆಲಸ ಮಾಡಿತು. 1906ರಲ್ಲಿ ಆರಂಭವಾದ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು ಇದಕ್ಕೆ ಉದಾಹರಣೆಯಾಗಿದೆ.

ಜೀವನಕ್ರಮ

ಹಳೆಯ ಮೈಸೂರು ಪ್ರದೇಶದ ಕಥೋಲಿಕರ ಹೆಸರುಗಳಲ್ಲಿ ಸಂತರ ಹೆಸರು ಮತ್ತು ಸ್ಥಳೀಯ ರೂಪ ಬೆರೆತಿವೆ. ತಮಿಳಿನ ಮೂಲಕ ಬಂದ ಚೌರಪ್ಪ (ಸಂತ ಕ್ಸೇವಿಯರ್), ಇನ್ನಾಸಪ್ಪ (ಸಂತ ಇಗ್ನೇಷಿಯಸ್), ರಾಯಪ್ಪ (ಸಂತ ಪೇತ್ರ), ಚಿನ್ನಪ್ಪ (ಸಂತ ಪೌಲ), ಅರುಳಪ್ಪ (ಸಂತ ಯೋವಾನ್ನ) ಮತ್ತು ಅಂತೋಣಪ್ಪ (ಸಂತ ಅಂತೋಣಿ) ಇಂತಹ ಹೆಸರುಗಳು. ಹೊರಗಿನವರಿಗೆ ಇವು ಊರಿನ ಇತರ ಹೆಸರುಗಳಂತೆಯೇ ಕೇಳಿಸಿದರೂ ಸಮುದಾಯದವರಿಗೆ ಜ್ಞಾನಸ್ನಾನದ ನೆನಪನ್ನು ತರುತ್ತವೆ.

ವಾರದ ಬದುಕು ಭಾನುವಾರದ ಬಲಿಪೂಜೆಯ ಸುತ್ತ ರೂಪುಗೊಂಡಿದೆ. ವರ್ಷದ ಬದುಕು ಕ್ರಿಸ್ತಜಯಂತಿ, ನಲವತ್ತು ದಿನಗಳ ತಪಸ್ಸುಕಾಲ, ಶುಭಶುಕ್ರವಾರ, ಪಾಸ್ಕ ಹಬ್ಬ ಮತ್ತು ಚರ್ಚಿನ ಪಾಲಕ ಸಂತರ ಹಬ್ಬಗಳಿಂದ ವಿಭಾಗಗೊಳ್ಳುತ್ತದೆ. ತಪಸ್ಸುಕಾಲದಲ್ಲಿ ಉಪವಾಸ, ಪ್ರಾರ್ಥನೆ ಮತ್ತು ದಾನಕ್ಕೆ ಒತ್ತು ನೀಡಲಾಗುತ್ತದೆ. ಮನೆಗಳಲ್ಲಿ ಸಂಜೆ ಜಪಸರ ಪ್ರಾರ್ಥನೆ ಹೇಳುವ ರೂಢಿಯಿದೆ. ಮಗುವಿನ ಜ್ಞಾನಸ್ನಾನದಲ್ಲಿ ಜ್ಞಾನತಂದೆ ಮತ್ತು ಜ್ಞಾನತಾಯಿ ಹೊಣೆ ಹೊರುತ್ತಾರೆ. ರಕ್ತಸಂಬಂಧದ ಆಚೆಗೆ ವಿಶ್ವಾಸದ ಮೂಲಕ ಬಂಧುತ್ವವನ್ನು ಕಲ್ಪಿಸುವ ಪದ್ಧತಿಯಿದು. ಮೃತರನ್ನು ಪುನರುತ್ಥಾನದ ನಿರೀಕ್ಷೆಯಲ್ಲಿ ಹೂಳಲಾಗುತ್ತದೆ. ನವೆಂಬರ್ 2ರಂದು ಸಮಾಧಿಗಳನ್ನು ಅಲಂಕರಿಸಿ ಪ್ರಾರ್ಥಿಸಲಾಗುತ್ತದೆ.

ಜಾತಿ ಮತ್ತು ಕಾನೂನು

ಬೋಧನೆಯಲ್ಲಿ ಭೇದಗಳನ್ನು ನಿರಾಕರಿಸಿದರೂ ಆಚರಣೆಯಲ್ಲಿ ಜಾತಿಯು ಉಳಿದುಕೊಂಡಿತು. ಮಂಗಳೂರಿನ ಕಥೋಲಿಕರಲ್ಲಿ ಬಾಮಣ್, ಚಾರೊಡಿ ಮೊದಲಾದ ವಿಭಾಗಗಳು ಮದುವೆಯ ಸಂಬಂಧಗಳನ್ನು ಪ್ರಭಾವಿಸಿದವು. ದಲಿತ ಮೂಲದ ಕ್ರೈಸ್ತರು ಚರ್ಚಿನೊಳಗೂ ಹೊರಗೂ ತಾರತಮ್ಯವನ್ನು ಎದುರಿಸಿದ್ದಾರೆ.

ಭಾರತ ಸಂವಿಧಾನದ 25ನೆಯ ವಿಧಿಯು ಧರ್ಮವನ್ನು ಅವಲಂಬಿಸುವ ಮತ್ತು ಆಚರಿಸುವ ಸ್ವಾತಂತ್ರ್ಯವನ್ನು ನೀಡುತ್ತದೆ. ಆದರೆ 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ, ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಸ್ಥಾನಮಾನ ದೊರೆಯುವುದಿಲ್ಲ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತ ಧರ್ಮಕ್ಕೆ ಸೇರಿದವರನ್ನು ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಪರಿಗಣಿಸಲಾಗಿದೆ. ಧಾರ್ಮಿಕ ಗುರುತು ಬದಲಾದಾಗ ಸಾಮಾಜಿಕ ಸ್ಥಿತಿಯೂ ಬದಲಾಗುತ್ತದೆಯೇ ಎಂಬ ಪ್ರಶ್ನೆಯು ಹೀಗೆ ಕಾನೂನಿನ ಕ್ಷೇತ್ರದಲ್ಲಿಯೂ ಮುಂದುವರಿದಿದೆ.

ಆಡಳಿತ

ಲ್ಯಾಟಿನ್ ವಿಧಿಯ ಕಥೋಲಿಕರು ಮೈಸೂರು ಧರ್ಮಪ್ರಾಂತ್ಯದ ವ್ಯಾಪ್ತಿಗೆ ಬರುತ್ತಾರೆ. ಈ ಧರ್ಮಪ್ರಾಂತ್ಯವು 1886ರಲ್ಲಿ ರಚನೆಯಾಗಿ, 1940ರಲ್ಲಿ ಬೆಂಗಳೂರು ಅದರಿಂದ ಬೇರ್ಪಟ್ಟಿತು. ಸಿರೋ–ಮಲಬಾರ್ ವಿಧಿಯ ಕಥೋಲಿಕರಿಗಾಗಿ 2010ರಲ್ಲಿ ಮಂಡ್ಯ ಧರ್ಮಪ್ರಾಂತ್ಯವನ್ನು ಸ್ಥಾಪಿಸಲಾಯಿತು. ವೆಸ್ಲಿಯನ್ ಪರಂಪರೆಯ ಸಭೆಗಳು 1947ರಲ್ಲಿ ರಚನೆಯಾದ ದಕ್ಷಿಣ ಭಾರತ ಸಭೆಯ ಭಾಗವಾದವು.