ಗೆದ್ದ ದಂಡನಾಯಕನಿಗೆ ದೊರೆತ ಬಹುಮಾನ

ಸೋತುಬಂದ ದಂಡನಾಯಕನನ್ನು ಅರಸನು ದಂಡಿಸಿದ ಕಥೆಗಳನ್ನು ನೀವು ಕೇಳಿರಬಹುದು. ಗೆಲುವೇ ಕುತ್ತಾಗಿ ಪ್ರಾಣವನ್ನು ತೆತ್ತವನೊಬ್ಬನ ಕಥೆ ಇದು. ಅವನು ಚೀನ ದೇಶದ ಯೂಯೆ ಫೇ.

ಹೆನಾನ್ ಪ್ರಾಂತದ ಒಕ್ಕಲು ಮನೆತನವೊಂದರಲ್ಲಿ 1103ರಲ್ಲಿ ಅವನು ಹುಟ್ಟಿದನು. ಅವನು ಇನ್ನೂ ತರುಣನಾಗಿದ್ದಾಗಲೇ, 1127ರಲ್ಲಿ, ಉತ್ತರದ ಜುರ್ಚೆನ್ನರು ಸುಂಗ್ ವಂಶದ ರಾಜಧಾನಿ ಕೈಫೆಂಗನ್ನು ಸೂರೆಮಾಡಿ ಚಕ್ರವರ್ತಿಯನ್ನೂ ಅವನ ತಂದೆಯನ್ನೂ ಸೆರೆಯೊಯ್ದರು. ಚಕ್ರವರ್ತಿಯ ತಮ್ಮ ಗಾವ್‌ತ್ಸುಂಗನು ದಕ್ಷಿಣಕ್ಕೆ ಸರಿದು, ಕೊನೆಗೆ ಹಾಂಗ್‌ಚೌ ನಗರದಲ್ಲಿ ನೆಲೆಯೂರಿದನು.

ಕಳೆದುಹೋದ ನಾಡನ್ನು ಮರಳಿ ಪಡೆಯುವುದೇ ಯೂಯೆ ಫೇಯ ಹಂಬಲವಾಯಿತು. ಚಳಿಗೆ ನಡುಗಿದರೂ ಅವನ ಸೈನಿಕರು ಪ್ರಜೆಗಳ ಮನೆ ಕಿತ್ತು ಸೌದೆ ಮಾಡರು, ಹಸಿದರೂ ಸುಲಿಗೆಗೆ ಇಳಿಯರು ಎಂದು ಹೆಸರಾಗಿತ್ತು. 1140ರಲ್ಲಿ ಯೆನ್‌ಚೆಂಗಿನ ಬಳಿ ಕವಚ ತೊಟ್ಟ ವೈರಿ ಕುದುರೆಪಡೆ ಮೇಲೆಬಿದ್ದಾಗ, ಕುದುರೆಗಳ ಕಾಲನ್ನೇ ಕಡಿಯುವಂತೆ ಕಾಲಾಳುಗಳಿಗೆ ಆಜ್ಞೆಮಾಡಿ ಗೆದ್ದನು. ಅಷ್ಟರಲ್ಲಿ ಹಿಂದಿರುಗಬೇಕೆಂದು ಅರಮನೆಯ ಅಪ್ಪಣೆ ಬಂದಿತು.

ಗೆಲ್ಲುತ್ತಿದ್ದವನನ್ನು ಕರೆಸಿಕೊಂಡದ್ದೇಕೆ? ಸುಂಗ್ ವಂಶದ ಮೂಲಪುರುಷನೇ ಒಬ್ಬ ದಂಡನಾಯಕ. 960ರಲ್ಲಿ ಅವನ ಸೈನ್ಯವೇ ಅವನನ್ನು ಪಟ್ಟಕ್ಕೇರಿಸಿತ್ತು. ಈಗ ಯೂಯೆ ಫೇಯ ಪಡೆಯನ್ನು ಜನರು 'ಯೂಯೆ ಮನೆಯ ಸೈನ್ಯ'ವೆಂದೇ ಕರೆಯುತ್ತಿದ್ದರು. ಅರಸನಿಗೆ ಭಯ ಹುಟ್ಟಲು ಅಷ್ಟು ಸಾಲದೇ? ಸೆರೆಯಲ್ಲಿದ್ದ ಅಣ್ಣ ಬಿಡುಗಡೆಯಾಗಿ ಬಂದರೆ ತನ್ನ ಸಿಂಹಾಸನದ ಗತಿಯೇನೆಂಬ ಚಿಂತೆಯೂ ಇದ್ದಿರಬೇಕೆಂದು ಇತಿಹಾಸಕಾರರು ಊಹಿಸುತ್ತಾರೆ.

1141ರಲ್ಲಿ ಸಂಧಿಯಾಯಿತು. ಹ್ವಾಯಿ ನದಿ ಗಡಿಯಾಯಿತು. ವರ್ಷವರ್ಷವೂ ಎರಡೂವರೆ ಲಕ್ಷ ತಾಯೆಲ್ ಬೆಳ್ಳಿಯನ್ನೂ ಎರಡೂವರೆ ಲಕ್ಷ ಥಾನು ರೇಷ್ಮೆಯನ್ನೂ ಕಪ್ಪವಾಗಿ ಕೊಡಲು ಸುಂಗ್ ಅರಸು ಒಪ್ಪಿತು. ಅದೇ ವರ್ಷ ಯೂಯೆ ಫೇ ರಾಜದ್ರೋಹದ ಆರೋಪ ಹೊತ್ತು ಸೆರೆಮನೆ ಸೇರಿದನು. ವಿಚಾರಣೆಯಲ್ಲಿ ಅವನು ಅಂಗಿ ಸರಿಸಿ ಬೆನ್ನು ತೋರಿಸಿದನೆಂದು ಸುಂಗ್ ವಂಶದ ಚರಿತ್ರೆ ಹೇಳುತ್ತದೆ. ದೇಶಸೇವೆಗೆ ಸರ್ವನಿಷ್ಠೆ ಎಂಬ ಅರ್ಥದ ನಾಲ್ಕು ಅಕ್ಷರಗಳನ್ನು ಅಲ್ಲಿ ಹಚ್ಚೆ ಹೊಯ್ದಿತ್ತು. ಇನ್ನೊಬ್ಬ ದಂಡನಾಯಕ ಹಾನ್ ಷಿಚುಂಗ್, ಅಪರಾಧಕ್ಕೆ ಸಾಕ್ಷಿಯೆಲ್ಲಿ ಎಂದು ಮಂತ್ರಿ ಛಿನ್ ಹುಯಿಯನ್ನು ಕೇಳಿದನು. "ಇದ್ದರೂ ಇರಬಹುದು" ಎಂಬುದೇ ಉತ್ತರ! ಕಟ್ಟುಕಥೆಯ ಆರೋಪಕ್ಕೆ ಚೀನೀಯರು ಇಂದಿಗೂ ಆ ಮಾತನ್ನೇ ಬಳಸುತ್ತಾರೆ. 1142ರ ಜನವರಿಯಲ್ಲಿ ಅವನನ್ನು ಕೊಲ್ಲಿಸಲಾಯಿತು.

1162ರಲ್ಲಿ ಪಟ್ಟವೇರಿದ ಮುಂದಿನ ಚಕ್ರವರ್ತಿ ಅವನ ಹೆಸರಿಗೆ ಅಂಟಿದ್ದ ಕಳಂಕವನ್ನು ತೊಡೆದನು. ಹಾಂಗ್‌ಚೌವಿನ ಪಶ್ಚಿಮ ಸರೋವರದ ದಡದಲ್ಲಿ ಅವನ ಸಮಾಧಿಯಿದೆ. ಎದುರಿಗೆ ಛಿನ್ ಹುಯಿ, ಅವನ ಹೆಂಡತಿ, ಇನ್ನಿಬ್ಬರು ಸಂಗಡಿಗರು ಎರಕದ ಕಬ್ಬಿಣದ ಮೂರ್ತಿಗಳಾಗಿ ಮಂಡಿಯೂರಿದ್ದಾರೆ. ಜನರು ಅವನ್ನು ಹೊಡೆದು, ಉಗಿದು ಸಿಟ್ಟು ತೀರಿಸಿಕೊಂಡದ್ದುಂಟು. ಆದರೆ ಯಾರ ಒಪ್ಪಿಗೆಯಿಲ್ಲದೆ ಆ ಕೊಲೆ ನಡೆಯುವಂತಿರಲಿಲ್ಲವೋ, ಆ ಚಕ್ರವರ್ತಿಯ ಮೂರ್ತಿ ಮಾತ್ರ ಆ ಸಾಲಿನಲ್ಲಿ ಇಲ್ಲ.